ಹಿತ್ತಿಲ ಬಾಗಿಲಿನ ಬಂಡಾಯ

2025ರ ಜನವರಿ 18ರಂದು ಮುಂಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ತಂಡವನ್ನು ಪ್ರಕಟಿಸಲು ನಾಯಕ ರೋಹಿತ್ ಶರ್ಮಾ ಮತ್ತು ಆಯ್ಕೆ ಸಮಿತಿ ಅಧ್ಯಕ್ಷ ಅಜಿತ್ ಅಗರ್ಕರ್ ಅಕ್ಕಪಕ್ಕ ಕುಳಿತಿದ್ದರು. ಮೈಕ್ ಚಾಲೂ ಇದ್ದದ್ದು ರೋಹಿತ್ ಗಮನಕ್ಕೆ ಬಂದಿರಲಿಲ್ಲ. ಫ್ಯಾಮಿಲಿ ವಿಚಾರ ಮಾತಾಡಲು ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ ಜೊತೆ ಗಂಟೆ, ಒಂದೂವರೆ ಗಂಟೆ ಕೂರಬೇಕಾಗಿದೆ, ಎಲ್ಲರೂ ಬಂದು ನನಗೇ ಹೇಳುತ್ತಿದ್ದಾರೆ ಎಂದು ಅವರು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ದೇಶಕ್ಕೆಲ್ಲ ಕೇಳಿಸಿತು.

ಎಲ್ಲರೂ ಎಂದರೆ ಆಟಗಾರರು. ಅವರ ದೂರು ನಾಯಕನ ಕಿವಿಗೆ ಬಿದ್ದಿತ್ತು, ನಾಯಕ ಅದನ್ನು ಹೊತ್ತು ಕಾರ್ಯದರ್ಶಿಯ ಬಳಿ ಹೊರಟಿದ್ದರು. ನಡುವೆ ಕೋಚ್ ಎಂಬ ಒಬ್ಬ ಮನುಷ್ಯ ಇದ್ದಾನೆ ಎಂಬುದೇ ಆ ಮಾತಿನಲ್ಲಿ ಇರಲಿಲ್ಲ.

ತಂಡ ಆಗ ಯಾವ ಸ್ಥಿತಿಯಲ್ಲಿತ್ತು? 2024ರ ಅಕ್ಟೋಬರ್‌ನಲ್ಲಿ ನಮ್ಮ ಚಿನ್ನಸ್ವಾಮಿ ಅಂಗಳದಲ್ಲೇ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್. ತವರಿನಲ್ಲಿ 0-3 ಸೋಲು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಗಿ 1-3. ಸಿಡ್ನಿಯಲ್ಲಿ ಸರಣಿ ಕೈಬಿಟ್ಟ ದಿನ ಕೋಚ್ ಗೌತಮ್ ಗಂಭೀರ್, ಎಲ್ಲರೂ ದೇಶೀಯ ಕ್ರಿಕೆಟ್ ಆಡಬೇಕು ಎಂದು ಬಹಿರಂಗವಾಗಿಯೇ ಹೇಳಿದ್ದರು. ಕೆಲವೇ ದಿನಗಳಲ್ಲಿ ಮಂಡಳಿಯ ಹತ್ತು ನಿಯಮಗಳು ಬಂದವು. ರಣಜಿ ಆಡಿ, ತಂಡದ ಬಸ್ಸಿನಲ್ಲೇ ಬನ್ನಿ, ಖಾಸಗಿ ಬಾಣಸಿಗ, ಮ್ಯಾನೇಜರುಗಳನ್ನು ಕರೆತರಬೇಡಿ, ಸರಣಿಯ ನಡುವೆ ಜಾಹೀರಾತು ಚಿತ್ರೀಕರಣ ಬೇಡ, 45 ದಿನ ಮೀರಿದ ಪ್ರವಾಸದಲ್ಲಿ ಕುಟುಂಬಕ್ಕೆ ಎರಡು ವಾರ ಮಾತ್ರ.

ಕೊನೆಯ ನಿಯಮದ ವಿಷಯದಲ್ಲಿ ನಾನು ಆಟಗಾರರ ಪಕ್ಷ. ಸೊನ್ನೆಗೆ ಔಟಾಗಿ ಹೋಟೆಲ್ ಕೋಣೆಗೆ ಮರಳುವವನಿಗೆ ಹೆಂಡತಿ, ಮಗು ಎದುರಿದ್ದರೆ ಆಟ ಕೆಡುತ್ತದೆ ಎನ್ನುವುದು ಹಾಸ್ಟೆಲ್ ವಾರ್ಡನ್ನನ ಯೋಚನೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ವಿರಾಟ್ ಕೊಹ್ಲಿ ಈ ನಿಯಮದ ಬಗ್ಗೆ ತಮ್ಮ ಬೇಸರವನ್ನು ವೇದಿಕೆಯಿಂದಲೇ ಹೇಳಿದರು. ಹೇಳಬೇಕಾದ ರೀತಿ ಅದು. ಹೆಸರಿತ್ತು, ಮುಖವಿತ್ತು, ಒಪ್ಪುವವರು ಒಪ್ಪಿದರು, ಒಪ್ಪದವರು ತಿರುಗಿ ಮಾತಾಡಿದರು. ನನ್ನ ತಕರಾರಿರುವುದು ಪ್ರತಿರೋಧದ ಬಗ್ಗೆ ಅಲ್ಲ, ಅದು ಹಿಡಿಯುವ ದಾರಿಯ ಬಗ್ಗೆ. ಭಾರತೀಯ ಕ್ರಿಕೆಟ್ಟಿನಲ್ಲಿ ಕೋಚ್‌ಗೆ ಎದುರಾಗುವವರು ಇಪ್ಪತ್ತು ವರ್ಷಗಳಿಂದ ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತಿದ್ದಾರೆ. ಅದನ್ನು ತೆರೆದಿಟ್ಟಿರುವುದು ಮಂಡಳಿ. ತಾರೆಯರ ಮೇಲಿನ ಪ್ರೀತಿಯಿಂದ ಅದನ್ನು ಕ್ಷಮಿಸುತ್ತ ಬಂದವರು ನಾವು.

ಗ್ರೆಗ್ ಚಾಪೆಲ್ ಹೆಸರೆತ್ತಿದರೆ ಇವತ್ತಿಗೂ ಮುಖ ಸಿಂಡರಿಸುವವರಿದ್ದಾರೆ. ಆದರೆ 2005ರ ತಂಡವನ್ನು ನೆನಪಿಸಿಕೊಳ್ಳಿ. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಯೂನಿಸ್ ಖಾನ್ 267 ಹೊಡೆದರು, ನಾವು ಪಾಕಿಸ್ತಾನಕ್ಕೆ ಟೆಸ್ಟ್ ಸೋತೆವು. ಆಮೇಲಿನ ಏಕದಿನ ಸರಣಿಯಲ್ಲಿ 2-0 ಮುಂದಿದ್ದವರು 2-4ಕ್ಕೆ ಕುಸಿದೆವು. ನಾಯಕ ಸೌರವ್ ಗಂಗೂಲಿಯ ಬ್ಯಾಟ್ ಮೌನವಾಗಿತ್ತು. ಮೇ ತಿಂಗಳಲ್ಲಿ ಚಾಪೆಲ್ ಕೋಚ್ ಆಗಿ ಬಂದರು. ಬರಲಿ ಎಂದು ಬಯಸಿದವರಲ್ಲಿ ಗಂಗೂಲಿಯೇ ಮೊದಲಿಗರು. 2003ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಮುನ್ನ ಚಾಪೆಲ್ ಬಳಿ ಪಾಠ ಹೇಳಿಸಿಕೊಂಡು ಬ್ರಿಸ್ಬೇನ್‌ನಲ್ಲಿ 144 ಹೊಡೆದ ಋಣ ಅದು.

ಬಂದ ಕೋಚ್ ಕೇಳಿದ್ದು ಏನು? ಓಟ, ಫೀಲ್ಡಿಂಗ್, ಯಾವ ಕ್ರಮಾಂಕದಲ್ಲಾದರೂ ಆಡುವ ಮನಸ್ಸು, ಹೊಸ ಹುಡುಗರಿಗೆ ಜಾಗ. ರಾಹುಲ್ ದ್ರಾವಿಡ್ ನಾಯಕತ್ವ ವಹಿಸಿಕೊಂಡ ಮೇಲೆ ಏಕದಿನ ಸರಣಿಗಳಲ್ಲಿ ಶ್ರೀಲಂಕಾ ವಿರುದ್ಧ 6-1, ಪಾಕಿಸ್ತಾನದಲ್ಲಿ 4-1, ಇಂಗ್ಲೆಂಡ್ ವಿರುದ್ಧ 5-1. 2005ರ ಸೆಪ್ಟೆಂಬರ್‌ನಿಂದ 2006ರ ಮೇವರೆಗೆ ರನ್ ಬೆನ್ನಟ್ಟಿ ಸತತ 17 ಗೆಲುವು. ವೆಸ್ಟ್ ಇಂಡೀಸ್ ನೆಲದಲ್ಲಿ 35 ವರ್ಷಗಳ ನಂತರ ಟೆಸ್ಟ್ ಸರಣಿ. ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ ನೆಲದ ನಮ್ಮ ಮೊಟ್ಟಮೊದಲ ಟೆಸ್ಟ್ ಗೆಲುವು. ಇಷ್ಟನ್ನೂ ನಾವು ಮರೆತಿದ್ದೇವೆ. 2007ರ ಮಾರ್ಚ್‌ನ ಪೋರ್ಟ್ ಆಫ್ ಸ್ಪೇನ್ ಮಾತ್ರ ನೆನಪಿದೆ. ಬಾಂಗ್ಲಾದೇಶದ ಎದುರು 191ಕ್ಕೆ ಮುಗಿದ ಆ ಮಧ್ಯಾಹ್ನ, ಶ್ರೀಲಂಕಾ ಮನೆಗೆ ಕಳಿಸಿದ ಆ ರಾತ್ರಿ.

ಚಾಪೆಲ್ ಮಾಡಿದ ತಪ್ಪು ಸಣ್ಣದಲ್ಲ. ಗಂಗೂಲಿ ನಾಯಕರಾಗಿರಲು ದೈಹಿಕವಾಗಿಯೂ ಮಾನಸಿಕವಾಗಿಯೂ ತಕ್ಕವರಲ್ಲ ಎಂಬ ಅರ್ಥದ ಪತ್ರವನ್ನು ಮಂಡಳಿಗೆ ಇಮೇಲ್ ಮಾಡಿದರು. ಆರಂಭಿಕರಾಗಿ ಜಗತ್ತನ್ನೇ ಆಳಿದ್ದ ಸಚಿನ್ ವಿಶ್ವಕಪ್‌ನಲ್ಲಿ ನಾಲ್ಕನೇ ಕ್ರಮಾಂಕಕ್ಕೆ ಇಳಿಯಬೇಕಾಯಿತು. ದೊಡ್ಡ ಆಟಗಾರನ ಮನಸ್ಸನ್ನು ಪಳಗಿಸುವ ಬದಲು ಕೆಣಕುವ ಚಟ ಚಾಪೆಲ್‌ಗಿತ್ತು. ಆದರೆ ಆ ಇಮೇಲ್ ಕೋಲ್ಕತ್ತದ ಪತ್ರಿಕಾಲಯಕ್ಕೆ ತಾನಾಗಿ ನಡೆದುಹೋಗಲಿಲ್ಲ. ಅದನ್ನು ಯಾರೋ ಸೋರಿಸಿದರು. ಅದಕ್ಕೂ ಮುನ್ನ ಬುಲವಾಯೊದಲ್ಲಿ ಶತಕ ಹೊಡೆದ ಗಂಗೂಲಿ, ನನಗೆ ನಾಯಕತ್ವ ಬಿಡು ಅಂದಿದ್ದರು ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟಿದ್ದರು. ಕೋಣೆಯೊಳಗಿನ ಮಾತು ಬೀದಿಗೆ ಬಿದ್ದದ್ದು ಎರಡೂ ಕಡೆಯಿಂದ. 2005ರ ನವೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನ ಜನ ತಮ್ಮದೇ ದೇಶದ ತಂಡವನ್ನು ಹೀಯಾಳಿಸಿದರು. ಈ ಎರಡು ಬೆಂಕಿಗಳ ನಡುವೆ ನಿಂತು ಬೆಂದವರು ರಾಹುಲ್ ದ್ರಾವಿಡ್. ಕೋಚ್‌ನ ಪರ ನಿಂತರೆ ಗೆಳೆಯರಿಗೆ ದ್ರೋಹಿ, ಗೆಳೆಯರ ಪರ ನಿಂತರೆ ತಂಡಕ್ಕೆ ದ್ರೋಹಿ. ಅವರು ಎಂದೂ ಯಾರ ಹೆಸರನ್ನೂ ಹಿಡಿದು ದೂರಲಿಲ್ಲ. 2007ರಲ್ಲಿ ಇಂಗ್ಲೆಂಡ್‌ನಲ್ಲಿ 21 ವರ್ಷಗಳ ನಂತರ ಟೆಸ್ಟ್ ಸರಣಿ ಗೆದ್ದುಕೊಟ್ಟು ನಾಯಕತ್ವ ಇಳಿಸಿ ನಡೆದರು.

ಕೋಚ್ ಗ್ಯಾರಿ ಕರ್ಸ್ಟನ್ ಮೃದುವಾಗಿದ್ದರು, ಅದಕ್ಕೇ 2011ರ ವಿಶ್ವಕಪ್ ಗೆದ್ದೆವು ಎನ್ನುವವರಿದ್ದಾರೆ. ಕರ್ಸ್ಟನ್ ಮೃದುವಾಗಿರಲು ಸಾಧ್ಯವಾದದ್ದು ಗಟ್ಟಿ ಕೆಲಸವನ್ನು ಬೇರೆಯವರು ಹೊತ್ತುಕೊಂಡಿದ್ದರಿಂದ. 2007ರ ಸೆಪ್ಟೆಂಬರ್‌ನಲ್ಲಿ ಸಚಿನ್, ಗಂಗೂಲಿ, ದ್ರಾವಿಡ್ ಮೂವರೂ ಇಲ್ಲದ ಹುಡುಗರ ತಂಡ ಟಿ20 ವಿಶ್ವಕಪ್ ಗೆದ್ದಿತು. 2008ರ ಆರಂಭದಲ್ಲಿ ಆಸ್ಟ್ರೇಲಿಯಾದ ತ್ರಿಕೋನ ಸರಣಿಗೆ ಗಂಗೂಲಿ, ದ್ರಾವಿಡ್ ಇಬ್ಬರನ್ನೂ ಬಿಟ್ಟು ಚುರುಕು ಕಾಲಿನ ಹುಡುಗರನ್ನು ಕರೆದೊಯ್ಯಲಾಯಿತು. ಗೆದ್ದು ಬಂದರು. 2012ರಲ್ಲಿ ಅದೇ ಆಸ್ಟ್ರೇಲಿಯಾದಲ್ಲಿ ಧೋನಿ ಫೀಲ್ಡಿಂಗ್ ಕಾರಣ ಕೊಟ್ಟು ಮೂವರು ಹಿರಿಯರನ್ನು ಸರದಿಯ ಮೇಲೆ ಹೊರಗಿಟ್ಟರು. ಸಚಿನ್, ಸೆಹ್ವಾಗ್, ಮತ್ತು ಗೌತಮ್ ಗಂಭೀರ್. ಚಾಪೆಲ್ ಕೊಡಲು ಹೋದ ಮದ್ದೇ ಅದು. ನಾಯಕ ಕುಡಿಸಿದಾಗ ಅದನ್ನು ದೂರದೃಷ್ಟಿ ಎಂದೆವು. ಆ ನಿರ್ಧಾರದ ನೋವನ್ನು ಗಂಭೀರ್ ವರ್ಷಗಟ್ಟಲೆ ತೋಡಿಕೊಂಡರು. ಇಂದು ಅವರೇ ಅಳತೆಕೋಲು ಹಿಡಿದು ನಿಂತಿದ್ದಾರೆ. ಹೊರಗೆ ಕೂರಿಸಲ್ಪಟ್ಟವನಿಗೆ ಏನನ್ನಿಸುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲ ಕೋಚ್ ಇಲ್ಲ. ಅವರು ಆಟಗಾರರನ್ನು ಎದುರು ಕೂರಿಸಿಕೊಂಡು ಮಾತಾಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅನಿಲ್ ಕುಂಬ್ಳೆಗೆ ಆದದ್ದನ್ನು ಬರೆಯುವಾಗ ಇವತ್ತಿಗೂ ಕೈ ಬಿಸಿಯಾಗುತ್ತದೆ. ಎಂ.ಜಿ. ರಸ್ತೆಯಲ್ಲಿ ಅವರ ಹೆಸರಿನ ವೃತ್ತದಿಂದ ಚಿನ್ನಸ್ವಾಮಿ ಕ್ರೀಡಾಂಗಣ ಕೂಗಳತೆಯಲ್ಲಿದೆ. ಆ ಕ್ರೀಡಾಂಗಣದ ಗ್ಯಾಲರಿಗಳು ಕೊಹ್ಲಿಯ ಹೆಸರು ಕೂಗುತ್ತವೆ. ಇಬ್ಬರೂ ನಮ್ಮವರೇ, ಅದಕ್ಕೇ ಬೆಂಗಳೂರು 2017ರ ಜೂನ್‌ನಲ್ಲಿ ಬಾಯಿ ಬಿಡಲಿಲ್ಲ. ಕುಂಬ್ಳೆ ಕೋಚ್ ಆಗಿದ್ದ ಒಂದು ವರ್ಷದಲ್ಲಿ ತಂಡ 17 ಟೆಸ್ಟ್ ಆಡಿ 12 ಗೆದ್ದಿತ್ತು, ಸೋತದ್ದು ಒಂದೇ. ಸೋಲುತ್ತಿದ್ದ ತಂಡವೂ ಅಲ್ಲ ಅದು. ನಿಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂದು ಮಂಡಳಿ ತನಗೆ ಮೊದಲ ಬಾರಿ ತಿಳಿಸಿದ್ದು ಹಿಂದಿನ ದಿನವಷ್ಟೇ ಎಂದು ಕುಂಬ್ಳೆ ರಾಜೀನಾಮೆಯ ಹೇಳಿಕೆಯಲ್ಲಿ ಬರೆದರು. ಒಂದೇ ವಿಮಾನ, ಒಂದೇ ಹೋಟೆಲ್, ಒಂದೇ ಡ್ರೆಸ್ಸಿಂಗ್ ರೂಮ್. ಆದರೂ ನಾಯಕ ಕೊಹ್ಲಿಯ ಮನಸ್ಸಿನ ಮಾತು 619 ಟೆಸ್ಟ್ ವಿಕೆಟ್ ಪಡೆದ ಕೋಚ್‌ಗೆ ತಲುಪಿದ್ದು ಮಂಡಳಿಯ ಬಾಯಿಂದ! ಅದಕ್ಕೆ ಮೂರು ವಾರ ಮೊದಲು ಬೆಂಗಳೂರಿನವರೇ ಆದ ರಾಮಚಂದ್ರ ಗುಹಾ ಮಂಡಳಿಯ ಆಡಳಿತಗಾರರ ಸಮಿತಿ ಬಿಡುವಾಗ ಇದೇ ತಾರಾ ಸಂಸ್ಕೃತಿಯ ಬಗ್ಗೆ ಬರೆದು ಎಚ್ಚರಿಸಿದ್ದರು. ಯಾರು ಓದಿದರು?

ಆಸ್ಟ್ರೇಲಿಯಾದಲ್ಲೂ ಸೋರಿಕೆ ಇದೆ. ಮರಳುಕಾಗದದ ಹಗರಣದ ನಂತರ, 2018ರಲ್ಲಿ, ತಂಡದ ನಡತೆ ತಿದ್ದಲೆಂದು ಬಂದ ಜಸ್ಟಿನ್ ಲ್ಯಾಂಗರ್ ಟಿ20 ವಿಶ್ವಕಪ್ಪನ್ನೂ 4-0 ಆ್ಯಶಸ್ಸನ್ನೂ ಗೆದ್ದರು. ಆದರೂ 2022ರ ಫೆಬ್ರುವರಿಯಲ್ಲಿ ಹೊರಬಿದ್ದರು. ಅವರ ಬಿಗಿ ಸ್ವಭಾವ ಆಟಗಾರರಿಗೆ ಸಾಕಾಗಿತ್ತು. ಅಲ್ಲಿಯೂ ತಿಂಗಳುಗಟ್ಟಲೆ ಪಿಸುಮಾತು ನಡೆದಿತ್ತು. ಆದರೆ ಮಾಜಿ ಆಟಗಾರರು ಬೈದು ಬರೆದಾಗ ನಾಯಕ ಪ್ಯಾಟ್ ಕಮಿನ್ಸ್ ಅಡಗಿ ಕೂರಲಿಲ್ಲ. ಹೌದು, ನಮಗೆ ಬೇರೆ ಬಗೆಯ ಕೋಚಿಂಗ್ ಬೇಕಿತ್ತು, ಕೇಳಿದಾಗ ಹಾಗೆಂದೇ ಹೇಳಿದೆವು ಎಂದು ತನ್ನ ಹೆಸರಿನಲ್ಲಿ ಹೇಳಿಕೆ ಕೊಟ್ಟರು. ಲ್ಯಾಂಗರ್‌ಗೆ ಅನ್ಯಾಯವಾಯಿತು ಎಂದೇ ನಾನು ತಿಳಿದಿದ್ದೇನೆ. ಆದರೂ ಕಮಿನ್ಸ್ ತೋರಿದ ಆ ಧೈರ್ಯವನ್ನು ನಮ್ಮ ಯಾವ ನಾಯಕನಲ್ಲೂ ನಾನು ಕಂಡಿಲ್ಲ.

ಕೋಚ್ ಎಂದರೆ ಪ್ರಶ್ನಾತೀತ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ನಮ್ಮನ್ನು ಗುವಾಹಟಿಯಲ್ಲಿ 408 ರನ್ನಿನಿಂದ ಸೋಲಿಸಿತು. ಅದರ ಲೆಕ್ಕವನ್ನು ಗಂಭೀರ್ ಕೊಡಬೇಕು, ಆಯ್ಕೆ ಸಮಿತಿಯ ಮುಂದೆಯೂ ಜನರ ಮುಂದೆಯೂ. ಆದರೆ ರಣಜಿ ಆಡಿ ಎಂದದ್ದು ಆ ಲೆಕ್ಕದ ತಪ್ಪುಗಳ ಪಟ್ಟಿಗೆ ಸೇರುವುದಿಲ್ಲ. 2025ರ ಜನವರಿ 30ರಂದು ಕೊಹ್ಲಿ ಹನ್ನೆರಡು ವರ್ಷಗಳ ನಂತರ ದೆಹಲಿಗಾಗಿ ರಣಜಿ ಆಡಲಿಳಿದಾಗ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದರು. ಅದೇ ದಿನ ಇಲ್ಲಿ ಚಿನ್ನಸ್ವಾಮಿಯಲ್ಲಿ ಕೆ.ಎಲ್. ರಾಹುಲ್ ಹರಿಯಾಣದ ವಿರುದ್ಧ ಕರ್ನಾಟಕಕ್ಕೆ ಆಡುತ್ತಿದ್ದರು. ಆ ಅಂಗಳದಲ್ಲಿದ್ದ ಇಪ್ಪತ್ತರ ಹುಡುಗರಿಗೆ ಆ ಪಂದ್ಯ ಏನಾಗಿತ್ತು ಎಂಬುದನ್ನು ಯಾವ ಸೂಪರ್‌ಸ್ಟಾರ್‌ನ ದೂರೂ ಅಳಿಸಲಾರದು.

ಮಂಡಳಿ ಮಾಡಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ನಿಯಮ ತಂದರೆ ಅದರ ಕೆಳಗೆ ತನ್ನ ಸಹಿ ಹಾಕಲಿ, ಕೋಚ್‌ನ ಬೆನ್ನ ಹಿಂದೆ ಅಡಗಿ ನಿಲ್ಲದಿರಲಿ. ಕೋಚ್ ಆಟಗಾರನ ಕುಂದನ್ನು ಪತ್ರಕರ್ತರ ಎದುರು ಆಡಿದರೆ ಅವತ್ತೇ ಕರೆದು ಕೇಳಲಿ. ನಾಯಕನೊಬ್ಬ ದೂರು ಹೊತ್ತು ಬಂದಾಗ ಕಾರ್ಯದರ್ಶಿ ಕುರ್ಚಿ ಎಳೆದು ಕೂರಿಸುವ ಮೊದಲು, ಇದನ್ನು ಕೋಚ್‌ಗೆ ಹೇಳಿದ್ದೀರಾ ಎಂದು ಕೇಳಲಿ. ಇಲ್ಲ ಎಂದರೆ ಬಂದ ದಾರಿಯಲ್ಲೇ ವಾಪಸು ಕಳಿಸಲಿ.