ತೂಕದ ಇಂಜೆಕ್ಷನ್: ಮೊದಲ ತಿಂಗಳ ಬಿಲ್ ನಂಬಬೇಡಿ (ಭಾಗ 3)

ಹೋದ ಭಾಗ ಹಾಕಿದ ಮೇಲೆ ಬಂದ ಡಿಎಂಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಕಡಿಮೆಗೆ ಎಲ್ಲಿ ಸಿಗುತ್ತೆ ಹೇಳೇ." ನನ್ನ ಕೇಳಿದ್ರೆ ಅದಕ್ಕೂ ಮೊದಲು ಕೇಳಬೇಕಾದ್ದು, ವರ್ಷಕ್ಕೆ ಎಷ್ಟಾಗುತ್ತೆ?

ನಮ್ಮನೆಯಲ್ಲಿ ನಡೆದದ್ದು ಹೇಳ್ತೀನಿ (ಅಕ್ಕನ ಪರ್ಮಿಷನ್ ತಗೊಂಡೇ 😅). ಅವಳಿಗೆ ಶುಗರ್, ಜೊತೆಗೆ ತೂಕ. ಡಾಕ್ಟರ್ ವಾರಕ್ಕೊಂದು ಇಂಜೆಕ್ಷನ್ ಬರೆದ್ರು. ಅಮ್ಮ ಚೀಟಿ ದುಡ್ಡು ತೆಗೆದುಕೊಟ್ರು. ಮೊದಲ ತಿಂಗಳು ಹೇಗೋ ಆಯ್ತು. ಆಮೇಲೆ ಡೋಸ್ ಏರಿತು, ಬಿಲ್ಲೂ ಏರಿತು. ಅಕ್ಕ ಯಾರಿಗೂ ಹೇಳದೆ ವಾರದ ಸೂಜಿಯನ್ನ ಹದಿನೈದು ದಿನಕ್ಕೊಂದು ಮಾಡಿಕೊಂಡಳು. ಆಮೇಲೆ ಒಂದೂವರೆ ತಿಂಗಳು ಬಿಟ್ಟೇಬಿಟ್ಟಳು. ಕೈಗೆ ದುಡ್ಡು ಬಂದಾಗ ಮತ್ತೆ ಅದೇ ದೊಡ್ಡ ಡೋಸ್. ಎರಡು ದಿನ ವಾಂತಿ, ನೀರೂ ನಿಲ್ಲಲಿಲ್ಲ. ಇಷ್ಟಕ್ಕೆಲ್ಲ ಕಾರಣ ಏನು ಗೊತ್ತಾ? ಡಾಕ್ಟರ್ ಮುಂದೆ "ನನ್ನ ಕೈಲಿ ಆಗಲ್ಲ ಸರ್" ಅನ್ನೋಕೆ ನಾಚಿಕೆ.

ಈ ಔಷಧಿಗಳ ಲೆಕ್ಕ ನೋಡಿ. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ. ವಯಲ್‌ಗೆ 3,500 ರೂ., 5 ಮಿ.ಗ್ರಾಂ.ಗೆ 4,375 ರೂ. ವಾರಕ್ಕೊಂದರಂತೆ ಮೊದಲ ನಾಲ್ಕು ವಾರಕ್ಕೆ 14,000. ಮುಂದಿನ ನಾಲ್ಕಕ್ಕೆ 17,500. 2.5 ಬರೀ ಶುರುವಿನ ಡೋಸ್, ಅಲ್ಲೇ ನಿಲ್ಲಲ್ಲ. ವೆಗೋವಿ ಕೂಡ 0.25ರಿಂದ ಮೆಟ್ಟಿಲು ಮೆಟ್ಟಿಲಾಗಿ 2.4ರವರೆಗೆ ಹತ್ತುತ್ತೆ.

ಬೆಲೆ ಈಗ ಇಳಿತಿದೆ, ನಿಜ. ವೆಗೋವಿಯಲ್ಲಿರೋ ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿದಿದೆ, ಹಾಗಾಗಿ ನಮ್ಮ ಕಂಪನಿಗಳೂ ಅದನ್ನ ಮಾಡಬಹುದು. ಹಳೇ ಚೀಟಿ ಹಿಡ್ಕೊಂಡು ಹಳೇ ಬ್ರ್ಯಾಂಡನ್ನೇ ತರ್ತಿದ್ರೆ ಡಾಕ್ಟರ್ ಹತ್ರ ಜೆನೆರಿಕ್ ಬಗ್ಗೆ ಕೇಳಿ. ಇನ್ಶೂರೆನ್ಸ್ ನಂಬ್ಕೋಬೇಡಿ, ಹೆಚ್ಚಿನ ಪಾಲಿಸಿಗಳು ತೂಕ ಇಳಿಸೋ ಔಷಧಿಗೆ ದುಡ್ಡು ಕೊಡಲ್ಲ.

ಮೂರು ತಿಂಗಳು ತಗೊಂಡು ಬಿಡ್ತೀನಿ, ಮದುವೆಗೆ ಅಷ್ಟು ಸಾಕು ಅನ್ನೋರೇ, ಸೆಮಾಗ್ಲುಟೈಡ್ ನಿಲ್ಲಿಸಿದವರ ಮೇಲೆ ನಡೆದ ಅಧ್ಯಯನದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು.

ಇನ್ನು ಜಿಮ್‌ನಲ್ಲಿ ಚೀಟಿ ಇಲ್ದೆ ಮಾರೋರು, ಒಂದೇ ಪೆನ್ ಇಬ್ಬರು ಹಂಚ್ಕೊಳ್ಳೋ ಐಡಿಯಾ. ಬೇಡ ಕಣ್ರೋ. ಸೂಜಿ ಬದಲಾಯಿಸಿದ್ರೂ ಪೆನ್ ಮೂಲಕ ಸೋಂಕು ದಾಟಬಹುದು. ಐಸ್ ಬಾಕ್ಸ್ ಇಲ್ದೆ ಬಿಸಿಲಲ್ಲಿ ಬಂದ ಔಷಧಿಗೆ ಗ್ಯಾರಂಟಿ ಯಾರು ಕೊಡ್ತಾರೆ?

ಕೊನೆಗೆ ಅಕ್ಕನ ಜೊತೆ ನಾನೇ ಹೋದೆ. "ತಿಂಗಳಿಗೆ ಇಷ್ಟೇ ಆಗೋದು, ಒಂದು ವರ್ಷ ನಡೆಸೋ ಹಾಗೆ ಬರೀರಿ" ಅಂದೆ. ಡಾಕ್ಟರ್ ಬೈಯ್ಲಿಲ್ಲ. "ಮೊದಲೇ ಹೇಳೋದಲ್ವಾ" ಅಂದ್ರು. ಕಡಿಮೆ ಬೆಲೆಯದ್ದು ಬರೆದು, ಸಣ್ಣ ಡೋಸ್‌ನಿಂದ ಮತ್ತೆ ಶುರು ಮಾಡಿಸಿದ್ರು. ಬಿಪಿ, ಶುಗರ್ ಮಾತ್ರೆಗಳನ್ನ ಈಗ ಜನೌಷಧಿ ಕೇಂದ್ರದಿಂದ ತರ್ತೀವಿ, ಅಲ್ಲಿ ಉಳಿದದ್ದು ಇಲ್ಲಿಗೆ ಹೋಗುತ್ತೆ.

ಅಮ್ಮ ಮುಂದಿನ ಚೀಟಿ ಇನ್ನೂ ಎತ್ತಿಲ್ಲ.

#ಜೇಬಿನಲೆಕ್ಕ #ಭಾಗ3