ಹುಲ್ಲಿಗೆ ಬೆಂಕಿ ಬೇಡ, ಪಾತಿಗೆ ಹೊದಿಸಿ



ದೀಪಾವಳಿ ಕಳೆಯುತ್ತಲೇ ನಮ್ಮ ಸೀಮೆಯ ತೋಟಗಳ ಬದುಗಳಲ್ಲಿ ಹೊಗೆ ಏಳುತ್ತದೆ. ಮಳೆಗೆ ಬೆಳೆದ ಹುಲ್ಲನ್ನು ಆಳಿಟ್ಟು ಕೊಯ್ಯಿಸಿ, ಒಟ್ಟಿ, ಬೆಂಕಿ ಕೊಡುತ್ತೇವೆ. ತೋಟ ಕನ್ನಡಿಯ ಹಾಗೆ ಕಂಡರೆ ಯಜಮಾನರಿಗೆ ಹೆಮ್ಮೆ. ಮಾರ್ಚಿಯಲ್ಲಿ ಅದೇ ಯಜಮಾನರು, ಕೊಳವೆ ಬಾವಿ ಕೈಕೊಟ್ಟಿತೆಂದು ಸಂಘದ ಕಛೇರಿಗೆ ಬಂದು ಕೂರುತ್ತಾರೆ. ಈ ಎರಡಕ್ಕೂ ಸಂಬಂಧವಿದೆ ಎಂಬುದೇ ನನ್ನ ವಾದ.

ಮಲೆನಾಡಿನವರಿಗೆ ಹೊದಿಕೆಯ ಬೆಲೆ ಗೊತ್ತು. ಶಿರಸಿ, ಸಿದ್ದಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಕೊಡಬೇಕೆನ್ನುತ್ತದೆ. ಬಾಶೆಟ್ಟಿಹಳ್ಳಿಯ ನಮಗೆ ಸೊಪ್ಪಿನ ಬೆಟ್ಟ ಎಲ್ಲಿಂದ ಬರಬೇಕು? ಬದುವಿನ ಹುಲ್ಲೇ ನಮ್ಮ ಬೆಟ್ಟ.

ಬರಿಯ ಕೆಂಪು ಮಣ್ಣು ಬಿಸಿಲಿಗೆ ಕಾದು, ಕೊಟ್ಟ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ, ಬೆಳಕಿಲ್ಲದೆ ಕಳೆ ಸೊರಗುತ್ತದೆ, ಕೊನೆಗೆ ಹುಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಅಡಿಕೆಯ ನಡುವೆ ಕಾಫಿ ಇಟ್ಟವರಿಗಂತೂ ಇದು ಬೇಕೇ ಬೇಕು. ಕಾಫಿಯ ಆಹಾರದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ನಮ್ಮ ತಾಲ್ಲೂಕಿನಲ್ಲೇ ಸಾವಯವ ಕೃಷಿ ಮಾಡಿ ತೋರಿಸಿ, 2019ರಲ್ಲಿ ಕಾಲವಾದ ಎಲ್. ನಾರಾಯಣ ರೆಡ್ಡಿಯವರೂ ಹೊಲದ ಕಸಕಡ್ಡಿ ಮಣ್ಣಿಗೇ ಸೇರಬೇಕೆಂದು ಸಾರಿದವರು.

"ಹುಲ್ಲೆಲ್ಲ ಪಾತಿಗೆ ಹಾಕಿದರೆ ದನಕ್ಕೇನು ಸ್ವಾಮಿ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಎಳೆ ಹುಲ್ಲು ಮೊದಲು ದನಕ್ಕೇ ಸಲ್ಲಲಿ. ದನ ಮೂಸದ ಬಲಿತ ಹುಲ್ಲು, ಕೊಟ್ಟಿಗೆಯಲ್ಲಿ ತಿಂದು ಬಿಟ್ಟದ್ದು, ನಾವು ಸುಡುತ್ತಿರುವುದು, ಇಷ್ಟು ಪಾತಿಗೆ ಬಂದರೆ ಸಾಕು.

ಹೊದಿಸುವುದಕ್ಕೂ ಕ್ರಮವಿದೆ. ಮೊದಲ ವರ್ಷ ನಾನು ಅತ್ಯುತ್ಸಾಹದಿಂದ ಹಸಿ ಹುಲ್ಲನ್ನು ಅಡಿಕೆ ಸಸಿಗಳ ಬುಡಕ್ಕೆ ಮೊಣಕಾಲೆತ್ತರ ಒಟ್ಟಿಸಿದೆ. ಅದು ಅಂಟಿಕೊಂಡು, ಕಾವೇರಿ, ನಾರಿತು. ಕೆಲವು ಸಸಿಗಳು ಬುಡದಲ್ಲೇ ಕೊಳೆತವು. ತಪ್ಪು ಹುಲ್ಲಿನದಲ್ಲ, ನನ್ನದು. ಆದ್ದರಿಂದ ಬೀಜ ಕಟ್ಟುವ ಮೊದಲೇ ಕೊಯ್ಯಿರಿ. ಎರಡು ದಿನ ಬಾಡಿಸಿ. ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ. ಬುಡದಿಂದ ಒಂದು ಗೇಣು ದೂರ ಬಿಡಿ. ಗರಿಕೆ, ಕೊನ್ನಾರಿ ಬೇರುಸಹಿತ ಬಂದಿದ್ದರೆ ಬಿಸಿಲಿಗೆ ಪೂರ್ತಿ ಒಣಗಿಸದೆ ಹಾಕಬೇಡಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಸಣ್ಣ ಮಳೆಯ ನೀರನ್ನು ಹುಲ್ಲೇ ಕುಡಿಯುತ್ತದೆ. ನೆಲದಲ್ಲಿ ತೇವವಿರುವಾಗ ಹಾಕಿ. ಗೆದ್ದಲು ಬಂದಿದೆಯೇ, ಹನಿ ನೀರಾವರಿಯ ಪೈಪನ್ನು ಇಲಿ ಕಡಿದಿದೆಯೇ ಎಂದು ಆಗಾಗ ಎತ್ತಿ ನೋಡಿ. ಬೇಸಿಗೆಯಲ್ಲಿ ಬೆಂಕಿಯ ಭಯವಿರುವುದರಿಂದ ದಾರಿಯ ಅಂಚಿನಲ್ಲಿ ಹೊದಿಕೆ ಬೇಡ.

ಇನ್ನೊಂದು ಮಾತು. ನಮ್ಮೂರಿನ ಕೈಗಾರಿಕಾ ಪ್ರದೇಶದ ಹುಲ್ಲುಹಾಸುಗಳಿಂದ ಕತ್ತರಿಸಿದ ಹುಲ್ಲನ್ನು ಕೇಳಿ ತರಬಹುದು. ಆದರೆ ಕಳೆನಾಶಕ ಸಿಂಪಡಿಸಿದ್ದಾರೆಯೇ ಎಂದು ವಿಚಾರಿಸಿಯೇ ತನ್ನಿ.

ಇನ್ನೂ ಆಳದ ಕೊಳವೆ ಬಾವಿಗೆ ಸಾಲ ಕೇಳಿ ಬರುವ ಸದಸ್ಯರಿಗೆ ಕಾರ್ಯದರ್ಶಿಯಾಗಿ ಅರ್ಜಿ ಕೊಡುತ್ತೇನೆ. ಬೆಳೆಗಾರನಾಗಿ ಮಾತ್ರ, ಮೊದಲು ನಿಮ್ಮ ಪಾತಿಗೆ ಹೊದಿಕೆ ಇದೆಯೇ ಎಂದು ಕೇಳುತ್ತೇನೆ. ಈ ವರ್ಷ ಹತ್ತು ಮರಕ್ಕಾದರೂ ಹೊದಿಸಿ, ಹತ್ತು ಮರ ಹಾಗೇ ಬಿಡಿ. ಏಪ್ರಿಲಿನಲ್ಲಿ ಎರಡೂ ಕಡೆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಆಮೇಲೆ ಬೆಂಕಿಪೊಟ್ಟಣ ತೆಗೆಯಬೇಕೋ ಬೇಡವೋ ನೀವೇ ತೀರ್ಮಾನಿಸಿ.

— ಕಾರ್ಯದರ್ಶಿ