ದೂರು ಕೊಟ್ಟವರೇ ಮನೆಗೆ ಹೋಗಬೇಕೇ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ವಜಾ ಆಗುವವರು ಕಡಿಮೆ. ಬಹುಪಾಲು ಮಂದಿ ‘ಸ್ವಇಚ್ಛೆಯಿಂದ’ ರಾಜೀನಾಮೆ ಕೊಡುತ್ತಾರೆ. ತುಂಬಿದ ಮೀಟಿಂಗಿನಲ್ಲಿ ಮ್ಯಾನೇಜರ್ ಬಾಯಿಗೆ ಬಂದಂತೆ ಬೈಯುತ್ತಾರೆಂದು ಎಚ್‌ಆರ್‌ಗೆ ಮೇಲ್ ಹಾಕಿ ನೋಡಿ. ಅದುವರೆಗೆ ಒಳ್ಳೆಯ ರೇಟಿಂಗ್ ಪಡೆದವರ ಕೆಲಸದಲ್ಲೂ ದಿಢೀರನೆ ಹುಳುಕು ಕಾಣಿಸುತ್ತದೆ. ಕೆಲಸ ಸುಧಾರಿಸಿಕೊಳ್ಳಲು ‘ಪಿಐಪಿ’ ಎಂಬ ಗಡುವು ಬರುತ್ತದೆ. ಕೊನೆಗೊಂದು ಮಧ್ಯಾಹ್ನ ಕೋಣೆಗೆ ಕರೆದು, ಲ್ಯಾಪ್‌ಟಾಪ್ ಇಸಿದುಕೊಂಡು, ಈಗಲೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್, ಇಲ್ಲದಿದ್ದರೆ ಟರ್ಮಿನೇಷನ್ ಎನ್ನುತ್ತಾರೆ. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ನೆನೆದು ಕೈ ತಾನಾಗಿಯೇ ಸಹಿ ಹಾಕುತ್ತದೆ. ಕೋರ್ಟಿನಲ್ಲಿ ಆ ಸಹಿಯೇ ಕಂಪನಿಯ ಮೊದಲ ಸಾಕ್ಷ್ಯ.

ಕಾನೂನು ಇಲ್ಲವೆಂದಲ್ಲ. ಹಗೆ ಸಾಧಿಸಲು ಕಾರ್ಮಿಕರನ್ನು ವಜಾ ಮಾಡುವುದು ಅನುಚಿತ ಪದ್ಧತಿ ಎಂದು ಕೈಗಾರಿಕಾ ವಿವಾದ ಕಾಯ್ದೆಯೇ ಹೇಳಿತ್ತು. ಆದರೆ ‘ಕಾರ್ಮಿಕ’ ಯಾರು ಎಂಬಲ್ಲೇ ಕೇಸು ಸಿಕ್ಕಿಕೊಳ್ಳುತ್ತದೆ. ಹುದ್ದೆಯ ಹೆಸರಿನಲ್ಲಿ ‘ಲೀಡ್’ ಎಂದಿದ್ದರೆ ಸಾಕು, ಇವರು ಕಾರ್ಮಿಕರೇ ಅಲ್ಲ ಎಂದು ಕಂಪನಿಯ ವಕೀಲರು ಎದ್ದು ನಿಲ್ಲುತ್ತಾರೆ. ಹೆಸರಲ್ಲ, ಮಾಡುವ ಕೆಲಸ ಮುಖ್ಯ ಎಂದು ನ್ಯಾಯಾಲಯಗಳು ಎಷ್ಟೇ ಸಲ ಹೇಳಿರಲಿ, ಆ ವಾದ ಮುಗಿಯುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ. ದಿನನಿತ್ಯದ ಬೈಗುಳ, ಅವಮಾನಗಳನ್ನು ಹೆಸರಿಟ್ಟು ತಡೆಯುವ ಅಂಥದೊಂದು ಕಾಯ್ದೆಯಿಲ್ಲ.

ನಮ್ಮ ರಾಜ್ಯ ಸರ್ಕಾರ ಮಾಡಿದ್ದೇನು? ಸೇವಾ ನಿಯಮಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕು ಎನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ 2024ರಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿತು. ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು. ರಾಜೀನಾಮೆ ಆ ಪಟ್ಟಿಯಲ್ಲಿರಲಿಲ್ಲ. ಎಂಥ ಅನುಕೂಲ!

ಕೋರ್ಟು ದೂರುದಾರರ ಕೈಹಿಡಿದದ್ದೂ ಇದೆ. ಅಕ್ರಮ ಮತ್ತು ಕಿರುಕುಳದ ಬಗ್ಗೆ ದೂರಿದ್ದ ಇಂದೋರಿನ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಬೇರೆ ಜಿಲ್ಲೆಗೆ ಎತ್ತಂಗಡಿ ಮಾಡಿದ್ದನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ; ಅವರನ್ನು ಇಂದೋರಿಗೇ ಮರಳಿಸಿತು. ಆದರೆ ಅದು ಸರ್ಕಾರಿ ಬ್ಯಾಂಕು. ಖಾಸಗಿ ಕಂಪನಿಯ ನೌಕರರಿಗೆ ಹೈಕೋರ್ಟಿನ ರಿಟ್ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ.

ಕೆಲಸ ಬಾರದವರು ದೂರನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ ಎನ್ನುತ್ತವೆ ಕಂಪನಿಗಳು. ಕೆಲವರು ಮಾಡಿಯಾರು. ಹಾಗಿದ್ದರೆ ದೂರಿಗೆ ಮೊದಲಿನ ರೇಟಿಂಗ್, ಮೇಲ್‌ಗಳೆಲ್ಲ ಕಂಪನಿಯ ಸರ್ವರ್‌ನಲ್ಲೇ ಇವೆಯಲ್ಲ, ತೋರಿಸಲಿ. ನೌಕರರ ಲಾಗಿನ್ ಆ ಮಧ್ಯಾಹ್ನವೇ ಬಂದ್ ಆಗಿರುತ್ತದೆ. ಅವರು ಎಲ್ಲಿಂದ ತಂದಾರು? ಆಸ್ಟ್ರೇಲಿಯಾದ 2009ರ ಫೇರ್ ವರ್ಕ್ ಕಾಯ್ದೆಯಲ್ಲಿ, ಕೆಲಸ ಹೋಗಲು ದೂರು ಕಾರಣವಲ್ಲವೆಂದು ಸಾಬೀತುಪಡಿಸುವ ಹೊರೆ ಮಾಲೀಕರದೇ.

ಇಲ್ಲೂ ಅದೇ ಆಗಲಿ. ದೂರು ಕೊಟ್ಟ ಆರು ತಿಂಗಳೊಳಗೆ ಕೆಲಸ ಹೋದರೆ, ಕಾಗದದಲ್ಲಿ ಅದು ರಾಜೀನಾಮೆಯೇ ಆಗಿದ್ದರೂ, ಕಾರಣ ಸಾಬೀತುಪಡಿಸುವ ಹೊಣೆ ಕಂಪನಿಯದು ಎಂಬ ನಿಯಮವನ್ನು ಕಾರ್ಮಿಕ ಸಚಿವರು ತರಲಿ. ಅದಕ್ಕೂ ಮೊದಲು, ಇಲಾಖೆಗೆ ಈವರೆಗೆ ಬಂದಿರುವ ವಜಾ ವರದಿಗಳನ್ನು ಕಂಪನಿವಾರು ಪ್ರಕಟಿಸಲಿ.